ಬ್ರಿಗಾದೇರೊ: ಸಾಮಗ್ರಿ ಮೂರೇ, ಉಳಿದದ್ದೆಲ್ಲ ಹದ

ನಾವು ನೆಲೆಸಿರುವುದು ಬ್ರೆಜಿಲಿನ ಸಾವೊ ಪಾವ್ಲೊ ರಾಜ್ಯದ ಕಂಪೀನಾಸ್ ನಗರದಲ್ಲಿ. ಇಲ್ಲಿ ಬಡವರ ಮನೆಯಾಗಲಿ ಸಿರಿವಂತರ ಮನೆಯಾಗಲಿ, ಮಕ್ಕಳ ಹುಟ್ಟುಹಬ್ಬವೆಂದರೆ ಕೇಕಿನ ಸುತ್ತ ಸಾಲುಸಾಲಾಗಿ ಚಾಕೊಲೇಟಿನ ಪುಟ್ಟ ಉಂಡೆಗಳು ಇರಲೇಬೇಕು. ಬ್ರಿಗಾದೇರೊ ಎಂಬ ಈ ಸಿಹಿಗೆ ಹುಟ್ಟುಹಬ್ಬದ ಹಾಡು ಮುಗಿಯುವವರೆಗೆ ಯಾರೂ ಕೈಹಾಕಬಾರದೆಂಬುದು ರೂಢಿ. ಮಕ್ಕಳು ಆ ರೂಢಿಯನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತಾರೆಂಬುದು ಬೇರೆ ಮಾತು. ಅಂಗಡಿಗಳಲ್ಲಿ ಬಗೆಬಗೆಯವು ಸಿಗುತ್ತವಾದರೂ, ಹಬ್ಬದ ಹಿಂದಿನ ಸಂಜೆ ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತು ಉಂಡೆ ಕಟ್ಟುವ ಪದ್ಧತಿಯನ್ನು ಇಲ್ಲಿನವರು ಬಿಟ್ಟುಕೊಟ್ಟಿಲ್ಲ. ಊರಿನ ಓದುಗರೂ ಇದನ್ನು ತಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಬೇಕೆಂಬುದು ನನ್ನ ಆಸೆ.

ಬ್ರಿಗಾದೇರೊ ಎಂದರೆ ಸೈನ್ಯದ ಬ್ರಿಗೇಡಿಯರ್. 1945ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಾಯುಪಡೆಯ ಬ್ರಿಗೇಡಿಯರ್ ಎದುವಾರ್ದು ಗೋಮಿಸ್ ಅಭ್ಯರ್ಥಿಯಾಗಿದ್ದರು. ಅವರ ಪರವಾಗಿ ದುಡಿದ ಮಹಿಳೆಯರು ಪ್ರಚಾರದ ಸಭೆಗಳಲ್ಲಿ ಈ ಸಿಹಿಯನ್ನು ಮಾಡಿ ಮಾರುತ್ತಿದ್ದುದರಿಂದ ಅವರ ಪದವಿಯೇ ಅದಕ್ಕೆ ಹೆಸರಾಯಿತೆಂದು ಇಲ್ಲಿನವರು ಹೇಳುತ್ತಾರೆ. ಬ್ರೆಜಿಲಿನ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1932ರಲ್ಲಿ. ಆದ್ದರಿಂದ ಆ ಚುನಾವಣೆಯಲ್ಲಿ ಅವರು ತೋರಿದ ಉತ್ಸಾಹವನ್ನು ಕೇವಲ ಸಿಹಿತಿಂಡಿಯ ಕಥೆಯಾಗಿ ನೋಡಲು ನನಗೆ ಮನಸ್ಸಾಗುವುದಿಲ್ಲ. ಗೋಮಿಸ್ ಸೋತರು, ಎವುರಿಕು ಗಾಸ್ಪಾರ್ ದುತ್ರಾ ಅಧ್ಯಕ್ಷರಾದರು. ಉಂಡೆ ಮಾತ್ರ ದೇಶದ ತುಂಬ ಉಳಿದುಕೊಂಡಿತು.

ಇದರ ಜೀವಾಳ ಕಂಡೆನ್ಸ್ಡ್ ಮಿಲ್ಕ್. ನೆಸ್ಲೆ ಕಂಪನಿ ಬ್ರೆಜಿಲಿನಲ್ಲಿ ತನ್ನ ಮೊದಲ ಕಾರ್ಖಾನೆಯನ್ನು 1921ರಲ್ಲಿ ತೆರೆದದ್ದು ನಮ್ಮ ಊರಿಗೆ ಹೆಚ್ಚು ದೂರವಿಲ್ಲದ ಅರಾರಸ್‌ನಲ್ಲಿ, ಈ ಹಾಲಿನ ತಯಾರಿಕೆಗಾಗಿಯೇ. ಹಾಲನ್ನು ಕೆಡದಂತೆ ಇಡುವುದೇ ಕಷ್ಟವಾಗಿದ್ದ ಕಾಲದಲ್ಲಿ ಡಬ್ಬಿಯ ಹಾಲು ಮನೆಮನೆಗೆ ಬಂದು, ಕ್ರಮೇಣ ಇಲ್ಲಿನ ಸಿಹಿಗಳ ಅಡಿಪಾಯವೇ ಆಯಿತು. ನಮ್ಮಲ್ಲಿ ಮಿಲ್ಕ್‌ಮೇಡ್ ಎಂದು ಸಿಗುವುದೂ ಇದೇ ಬಗೆಯ ಹಾಲಾದ್ದರಿಂದ ಸಾಮಗ್ರಿಗಾಗಿ ಎಲ್ಲಿಯೂ ಹುಡುಕಬೇಕಾಗಿಲ್ಲ.

ಸುಮಾರು 400 ಗ್ರಾಂ ತೂಕದ ಒಂದು ಡಬ್ಬಿ ಹಾಲಿಗೆ ಒಂದು ದೊಡ್ಡ ಚಮಚ ಬೆಣ್ಣೆ ಮತ್ತು ಮೂರು ದೊಡ್ಡ ಚಮಚ ಕೊಕ್ಕೊ ಪುಡಿ ಸಾಕು. ಪುಡಿಯನ್ನು ಜರಡಿ ಹಿಡಿದು, ಒಲೆ ಹಚ್ಚುವ ಮೊದಲೇ ತಣ್ಣನೆಯ ಹಾಲಿಗೆ ಗಂಟಿಲ್ಲದಂತೆ ಕಲಸಬೇಕು. ಬಿಸಿ ಹಾಲಿಗೆ ಸುರಿದ ಪುಡಿ ಗಂಟುಕಟ್ಟಿದರೆ ಆಮೇಲೆ ಎಷ್ಟು ಕಲಕಿದರೂ ಕರಗದು. ತಳ ದಪ್ಪವಿರುವ ಪಾತ್ರೆ, ಸಣ್ಣ ಉರಿ, ನಿಲ್ಲದ ಕೈ ಇವು ಮೂರೂ ಬೇಕೇಬೇಕು. ಹಾಲಿನಲ್ಲಿರುವ ಸಕ್ಕರೆ ಮತ್ತು ಪ್ರೋಟೀನು ತಳದಲ್ಲಿ ಬೇಗ ಹತ್ತುತ್ತವೆ. ಅವೇ ಹದವಾದ ಶಾಖದಲ್ಲಿ ನಿಧಾನವಾಗಿ ಕೂಡಿದಾಗ ಚಾಕೊಲೇಟಿನ ಕಹಿಯ ಜೊತೆಗೆ ಒಂದು ಬಗೆಯ ಕೆನೆಗಟ್ಟಿದ ಪರಿಮಳ ಹುಟ್ಟುತ್ತದೆ. ಹತ್ತು ನಿಮಿಷ ಕಳೆಯುವ ಹೊತ್ತಿಗೆ ನೀರಿನಂಶ ಆರಿ ಮಿಶ್ರಣ ಹೊಳೆಯತೊಡಗುತ್ತದೆ. ಸೌಟನ್ನು ನಡುವೆ ಎಳೆದಾಗ ತಳ ಒಂದು ಕ್ಷಣ ಕಾಣಿಸಿ, ಎರಡೂ ಬದಿಗಳು ನಿಧಾನವಾಗಿ ಕೂಡಿಕೊಳ್ಳುತ್ತವೆ. ಹಾಲುಬಾಯಿ ಕಾಯಿಸಿದವರಿಗೆ ಪಾತ್ರೆಯನ್ನು ಬಿಟ್ಟು ಒಂದೇ ಮುದ್ದೆಯಾಗಿ ಸುತ್ತುವ ಈ ಘಟ್ಟವನ್ನು ವಿವರಿಸಬೇಕಾಗಿಲ್ಲ. ನನಗೆ ಇದನ್ನು ಕಲಿಸಿದ ನೆರೆಮನೆಯ ಹಿರಿಯರು ಗಡಿಯಾರ ನೋಡಗೊಡುತ್ತಿರಲಿಲ್ಲ. "ಕೈ ನಿಲ್ಲಿಸಬೇಡ ಮಗಳೇ, ತಳ ನೋಡು" ಎಂಬುದಷ್ಟೇ ಅವರ ಪಾಠ. ಹದಕ್ಕೆ ಮೊದಲೇ ಇಳಿಸಿದರೆ ಉಂಡೆ ಚಪ್ಪಟೆಯಾಗುತ್ತದೆ, ಹದ ಮೀರಿದರೆ ಹಲ್ಲಿಗೆ ಅಂಟುವ ಮಿಠಾಯಿಯಾಗುತ್ತದೆ.

ಬೆಣ್ಣೆ ಸವರಿದ ತಟ್ಟೆಗೆ ಸುರಿದು ಪೂರ್ತಿ ಆರಿದ ಮೇಲೆ, ಅಂಗೈಗೂ ತುಸು ಬೆಣ್ಣೆ ಹಚ್ಚಿಕೊಂಡು ದೊಡ್ಡ ನೆಲ್ಲಿಕಾಯಿಯಷ್ಟು ಉಂಡೆಗಳನ್ನು ಕಟ್ಟಬೇಕು. ಬೇಕರಿಯವರು ವರ್ಮಿಸೆಲ್ಲಿ ಎನ್ನುವ ಚಾಕೊಲೇಟ್ ಎಳೆಚೂರಿನಲ್ಲಿ ಅವನ್ನು ಹೊರಳಿಸಿ ಪುಟ್ಟ ಕಾಗದದ ಬಟ್ಟಲಲ್ಲಿಟ್ಟರೆ ಕೆಲಸ ಮುಗಿಯಿತು. ಒಂದು ಡಬ್ಬಿಯಿಂದ ಇಪ್ಪತ್ತೈದರ ಆಸುಪಾಸು ಉಂಡೆಗಳಾಗುತ್ತವೆ.

ಪುಡಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಮಕ್ಕಳ ಹಾಲಿಗೆ ಬೆರೆಸುವ ಸಿಹಿ ಪುಡಿಯನ್ನೇ ಇಲ್ಲಿಯೂ ಎಷ್ಟೋ ಮನೆಗಳಲ್ಲಿ ಬಳಸುತ್ತಾರೆ. ಆದರೆ ಹಾಲಿನಲ್ಲೇ ಬೇಕಾದಷ್ಟು ಸಕ್ಕರೆಯಿರುವಾಗ ಅದರ ಮೇಲೆ ಮತ್ತಷ್ಟು ಸಕ್ಕರೆ ಸೇರಿಸಿದರೆ ಚಾಕೊಲೇಟಿನ ರುಚಿಯೇ ಮುಳುಗಿಹೋಗುತ್ತದೆ. ಸಕ್ಕರೆಯಿಲ್ಲದ ಅಪ್ಪಟ ಕೊಕ್ಕೊ ಪುಡಿಯೇ ಲೇಸು. ನಾನು ಪುತ್ತೂರಿನ ಕಡೆಯವಳು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವ, 1986ರಿಂದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆಯೂ ಇರುವ ಆ ಊರಿನವರಿಗೆ ಈ ಉಂಡೆ ಪರಕೀಯವೆನಿಸಬಾರದು. ಕೊಕ್ಕೊ ಗಿಡದ ಮೂಲ ಅಮೆಜಾನ್ ಸೀಮೆಯೇ ತಾನೆ!

ಗೇರು ಮರವೂ ಬ್ರೆಜಿಲಿನದೇ. ಪೋರ್ಚುಗೀಸರು ಅದನ್ನು 16ನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಹುಟ್ಟುಹಬ್ಬದ ಮೇಜಿನ ಮೇಲೆ ಬ್ರಿಗಾದೇರೊ ಪಕ್ಕದಲ್ಲಿ ಕಾಜುಜಿಞ್ಞು ಎಂಬ ಸಿಹಿಯೂ ಇರುತ್ತದೆ. ಹುರಿದ ನೆಲಗಡಲೆಯ ಪುಡಿಯನ್ನು ಇದೇ ಹಾಲಿನಲ್ಲಿ ಕಾಯಿಸಿ, ಗೇರುಹಣ್ಣಿನ ಆಕಾರಕ್ಕೆ ತಿದ್ದಿ, ತುದಿಯಲ್ಲಿ ಬೀಜದಂತೆ ಒಂದು ಕಡಲೆಯನ್ನು ಸಿಕ್ಕಿಸುತ್ತಾರೆ. ಕೊಕ್ಕೊ ಬದಲು ತೆಂಗಿನತುರಿ ಹಾಕಿ, ನೆತ್ತಿಗೆ ಒಂದು ಲವಂಗ ಚುಚ್ಚಿದರೆ ಅದು ಬೇಜಿಞ್ಞು. ಈ ಮನೆಪಾಕಗಳಲ್ಲಿ ಮೊಟ್ಟೆಯಿಲ್ಲ, ಜೆಲಾಟಿನ್ ಇಲ್ಲ. ಮಾಂಸಾಹಾರವೇ ಹೆಚ್ಚಾಗಿರುವ ಈ ನಾಡಿನ ಔತಣಗಳಲ್ಲಿ ಸಸ್ಯಾಹಾರಿಗಳಾದ ನಾವು ನಿಶ್ಚಿಂತೆಯಿಂದ ಕೈನೀಡುವುದು ಈ ತಟ್ಟೆಗೇ.

ಕರಾವಳಿಯ ಮಳೆಗಾಲದಲ್ಲಿ ಮಾಡುವವರು ಉಂಡೆಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಒಳ್ಳೆಯದು, ಏಕೆಂದರೆ ತೇವಕ್ಕೆ ಹೊರಗಿನ ಎಳೆಚೂರು ಮೆತ್ತಗಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುವುದರಿಂದ ಬಡಿಸುವ ಮೊದಲು ತುಸು ಹೊತ್ತು ಹೊರಗಿಡಬೇಕು. ಉಂಡೆ ಕಟ್ಟುವಷ್ಟು ವ್ಯವಧಾನವಿಲ್ಲದ ದಿನ ಮಿಶ್ರಣವನ್ನು ಹದಕ್ಕೆ ತುಸು ಮೊದಲೇ ಇಳಿಸಿ, ಬಟ್ಟಲಿಗೆ ಹಾಕಿ ಚಮಚದಲ್ಲೇ ತಿನ್ನಬಹುದು. ಇಲ್ಲಿನವರು ಅದನ್ನೂ ಬ್ರಿಗಾದೇರೊ ಎಂದೇ ಕರೆಯುತ್ತಾರೆ.