ಬ್ಯಾಟನ್ ಕೊಟ್ಟ ಅಕ್ಕ

ನಮ್ಮ ಕಾಲೇಜಿನ 4x100 ಮೀಟರ್ ರಿಲೇ ತಂಡದಲ್ಲಿ ಅಕ್ಕ ಮೂರನೆಯವರಾಗಿ ಓಡುತ್ತಿದ್ದರು, ನಾನು ನಾಲ್ಕನೆಯವಳು. ಗೆದ್ದಾಗ ಫೋಟೊ ಬರುತ್ತಿದ್ದುದು ಕೊನೆಯ ಗೆರೆ ದಾಟಿದ ನನ್ನದೇ. ಕಷ್ಟದ ಪಾಲು ಮಾತ್ರ ಅವರದು. ಕೈಯಿಂದ ಕೈಗೆ ದಾಟಿಸುವ ಕೋಲು, ಅಂದರೆ ಬ್ಯಾಟನ್ ಅನ್ನು, ವೇಗ ತಗ್ಗದಂತೆ ಪಡೆಯಬೇಕು, ಲೇನಿನ ಒಳಗೆರೆಗೆ ಅಂಟಿಕೊಂಡು ತಿರುವು ಮುಗಿಸಬೇಕು, ಉಸಿರು ಕಟ್ಟಿರುವಾಗಲೇ ನನ್ನ ಎಡಗೈಗೆ ಅದನ್ನು ಮುಟ್ಟಿಸಬೇಕು.

ಈಗ ಅವರು ಹೆಸರು ಮಾಡಿದ ಕೋಚ್. ಅವರಲ್ಲಿ ಪಳಗಿದ ಹುಡುಗಿಯರು ಪದಕ ಗೆದ್ದರೆಂದು ಕೇಳಿದಾಗ ನನಗೆ ಅಚ್ಚರಿಯಾಗುವುದಿಲ್ಲ. ಅವರು ಓಡುತ್ತಿದ್ದ ದಿನಗಳಲ್ಲೇ ಕೋಚ್ ಆಗಿದ್ದರು.

ರಿಲೇಯಲ್ಲಿ ಮುಂದಿನವಳು ಟ್ರ್ಯಾಕಿನ ಮೇಲೆ ಟೇಪಿನ ಗುರುತು ಹಾಕಿಕೊಳ್ಳುತ್ತಾಳೆ. ಹಿಂದಿನಿಂದ ಬರುವವಳು ಅದನ್ನು ದಾಟಿದ ಕೂಡಲೇ ಇವಳು ಹೊರಡಬೇಕು. ಗುರುತು ತೀರಾ ದೂರವಿದ್ದರೆ ಬರುವವಳಿಗೆ ಇವಳು ಸಿಗುವುದೇ ಇಲ್ಲ. ತೀರಾ ಹತ್ತಿರವಿದ್ದರೆ ಮೈಮೇಲೆ ಬಂದು ಬೀಳುತ್ತಾಳೆ. ನನ್ನ ಗುರುತನ್ನು ಅಕ್ಕ ದಿನವೂ ಪಾದದಿಂದ ಅಳೆದು ನೋಡುತ್ತಿದ್ದರು. ಎದುರುಗಾಳಿ ಇದೆಯೇ, ಹಿಂದಿನ ದಿನದ ಅಭ್ಯಾಸದಿಂದ ತಮ್ಮ ಕಾಲು ದಣಿದಿದೆಯೇ ಎಂದು ಯೋಚಿಸಿ ಅರ್ಧ ಪಾದದಷ್ಟು ಸರಿಸುತ್ತಿದ್ದರು. ತನ್ನ ದಣಿವನ್ನೂ ಹೀಗೆ ಲೆಕ್ಕಕ್ಕೆ ಹಿಡಿಯುವ ಓಟಗಾರರನ್ನು ನಾನು ಬೇರೆ ಕಂಡಿಲ್ಲ.

“ನೀನು ತಿರುಗಿ ನೋಡಬೇಡ ಕಣೇ, ನಿನ್ನ ಕೈ ಹುಡುಕೋದು ನನ್ನ ಕೆಲಸ” ಎನ್ನುತ್ತಿದ್ದರು. ಆ ಭರವಸೆಯಿಂದಲೇ ನಾನು ಮುಂದೆ ನೋಡಿಕೊಂಡು ಓಡಿದೆ.

ಕೆಲವು ತಿಂಗಳ ಹಿಂದೆ ಅವರ ತರಬೇತಿ ನೋಡಲು ಹೋಗಿದ್ದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜಮೈಕಾ ಪುರುಷರ ತಂಡ 36.84 ಸೆಕೆಂಡಿನಲ್ಲಿ ರಿಲೇ ಮುಗಿಸಿದ್ದನ್ನು ಹುಡುಗಿಯರಿಗೆ ವಿವರಿಸುತ್ತಿದ್ದರು. ನಾಲ್ಕರಿಂದ ಭಾಗಿಸಿದರೆ ತಲಾ 9.21. ಆ ತಂಡದಲ್ಲೇ ಇದ್ದ ಉಸೇನ್ ಬೋಲ್ಟ್ ಅವರ 100 ಮೀಟರ್ ದಾಖಲೆ 9.58! ಮೊದಲನೆಯವನನ್ನು ಬಿಟ್ಟರೆ ಉಳಿದ ಮೂವರೂ ನಿಂತಲ್ಲಿಂದ ಶುರುಮಾಡದೆ, ಓಡುತ್ತಲೇ ಬ್ಯಾಟನ್ ಪಡೆಯುವುದರ ಫಲ ಇದು. ಆಮೇಲೆ ಸ್ಟಾಪ್‌ವಾಚ್ ಹಿಡಿದು, ಹುಡುಗಿಯರ ಓಟವನ್ನು ಬಿಟ್ಟು, ಬ್ಯಾಟನ್ ಕೈ ಬದಲಾಗಬೇಕಾದ 30 ಮೀಟರ್ ವಲಯವನ್ನು ಅದು ಎಷ್ಟು ಹೊತ್ತಿನಲ್ಲಿ ದಾಟಿತು ಎಂದು ಅಳೆದರು. ನಮ್ಮ ಕಾಲದಲ್ಲಿ ಆ ವಲಯ 20 ಮೀಟರ್ ಇತ್ತು.

ಕಾಲೇಜಿನವರಲ್ಲಿ ನನ್ನದೊಂದು ಕೋರಿಕೆ. ಅಕ್ಕನನ್ನು ಕರೆಸಿ ಭಾಷಣ ಮಾಡಿಸುವ ಬದಲು ಈಗಿನ ತಂಡದ ಜೊತೆ ಒಂದು ವಾರ ಮೈದಾನದಲ್ಲಿ ಬಿಡಿ. ಖಂಡಿತ ಬರುತ್ತಾರೆ, ನಾನು ಕೇಳಿಯೇ ಬರೆಯುತ್ತಿದ್ದೇನೆ.