ಒಬ್ಬನೇ ಹೋಗ್ತೀಯಲ್ಲ, ಗಾಡಿ ಕೆಟ್ಟು ನಿಂತರೆ ಏನ್ಮಾಡ್ತೀಯ?

ಮದುವೆ ಮನೆ ಇರಲಿ, ಆಫೀಸಿನ ಕ್ಯಾಂಟೀನ್ ಇರಲಿ, ನನ್ನನ್ನು ಕಂಡವರು ಕೇಳುವುದು ಇದೊಂದೇ. ಬೈಕ್ ಹತ್ತಿ ಒಬ್ಬನೇ ಬೆಟ್ಟದ ಮೇಲಿನ ಹಾಳು ಕೋಟೆಗಳಿಗೆ ಹೋಗ್ತೀಯಲ್ಲ, ದಾರಿಯಲ್ಲಿ ಗಾಡಿ ಕೈಕೊಟ್ಟರೆ ಏನು ಗತಿ? ಭಯ ಆಗಲ್ವಾ?

ಗಾಡಿ ಕೆಟ್ಟರೆ ನನಗೆ ಭಯ ಆಗುವುದಿಲ್ಲ. ಭಯ ಆಗುವುದು ಗಾಡಿ ನಿಲ್ಲಿಸಿ ಬೆಟ್ಟ ಹತ್ತಲು ಶುರು ಮಾಡಿದ ಮೇಲೆ. ರಸ್ತೆಯಲ್ಲಿ ಯಾರಾದರೂ ಬಂದೇ ಬರುತ್ತಾರೆ, ಬೆಟ್ಟದ ಮೇಲೆ ಬರುತ್ತಾರೆ ಅನ್ನುವ ಹಾಗಿಲ್ಲ. ಆದರೂ ಎಲ್ಲರೂ ರಸ್ತೆಯ ಬಗ್ಗೆಯೇ ಕೇಳುತ್ತಾರೆ, ಬೆಟ್ಟದ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಮಾಡಿದ ಒಂದು ಸುತ್ತಾಟ ಸಾಕು, ಎಲ್ಲ ಅದರಲ್ಲೇ ಇದೆ.

ನಾನು ಹೊರಟಿದ್ದು ಕೆಳದಿಯ ರಾಣಿ ವೀರಮ್ಮಾಜಿಯ ಹಿಂದೆ. ಅದೇ ಕೆಳದಿಯ ಚೆನ್ನಮ್ಮನಿಗೆ ಇರುವಷ್ಟು ಹೆಸರು ಈಕೆಗೆ ಇಲ್ಲ. ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು, ಮೊಗಲರ ಸೈನ್ಯಕ್ಕೆ ಎದುರು ನಿಂತವಳು, ಅದನ್ನು ಶಾಲೆಯಲ್ಲೇ ಓದುತ್ತೇವೆ. ವೀರಮ್ಮಾಜಿಯ ಕಾಲಕ್ಕೆ ಬರುವಷ್ಟರಲ್ಲಿ ಆ ರಾಜ್ಯವೇ ಮುಗಿಯಿತು. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ. ಇವತ್ತು ಹೊಸನಗರ ತಾಲೂಕಿನಲ್ಲಿ ನಗರ ಅಂತ ಕರೆಯುವ ಊರೇ ಅದು. ರಾಣಿ ತಪ್ಪಿಸಿಕೊಂಡು ದಕ್ಷಿಣಕ್ಕೆ, ಬಲ್ಲಾಳರಾಯನ ದುರ್ಗಕ್ಕೆ ಹೋದಳು. ಅಲ್ಲೂ ಬಿಡಲಿಲ್ಲ, ಹಿಡಿದು ತಂದರು. ಆಮೇಲೆ ಆಕೆಯನ್ನೂ ದತ್ತು ಮಗನನ್ನೂ ಮಧುಗಿರಿ ಬೆಟ್ಟದ ಕೋಟೆಯಲ್ಲಿ ಸೆರೆ ಇಟ್ಟರು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಮಧುಗಿರಿಯನ್ನು ಗೆದ್ದಾಗಲೇ ಬಿಡುಗಡೆ.

ಮಲೆನಾಡಿನ ತುದಿಯಿಂದ ಬಯಲುಸೀಮೆಯ ಬೋಳು ಬಂಡೆಗೆ. ಇದನ್ನು ಓದಿದಾಗ ನನಗೆ ಆ ದೂರ ತಲೆಗೆ ಹೋಗಿರಲೇ ಇಲ್ಲ. ನಗರ, ಕೆಳದಿಯವರದೇ ಇನ್ನೊಂದು ಕೋಟೆ ಕವಲೇದುರ್ಗ, ಬಲ್ಲಾಳರಾಯನ ದುರ್ಗ, ಕೊನೆಗೆ ಮಧುಗಿರಿ, ಹೀಗೆ ಗಾಡಿಯಲ್ಲಿ ಹೋದರೆ ಮೈಗೆ ತಿಳಿಯುತ್ತದೆ ಅನ್ನಿಸಿತು. ತಿಳಿಯಿತು ಕೂಡ. ಒಂದೇ ಜಾಕೆಟ್ಟು ಬೆಳಿಗ್ಗೆ ಕಳಸದ ಕಡೆ ಸಾಲದೆ ಹೋಗಿ, ತಿಪಟೂರು ದಾಟುವಾಗ ಬಿಚ್ಚಿ ಸೀಟಿಗೆ ಕಟ್ಟುವ ಹಾಗಾಯಿತು.

ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಹತ್ತುವುದಕ್ಕೆ ಕಷ್ಟವಿಲ್ಲ. ಬಾಗಿಲು ದಾಟಿ ಮೇಲೆ ಹೋದರೆ ದರ್ಬಾರ್ ನಡೆಯುತ್ತಿದ್ದ ಜಾಗ, ಅಕ್ಕ ತಂಗಿ ಕೊಳ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಸಂಜೆಯೊಳಗೆ ತೀರ್ಥಹಳ್ಳಿ ಸೇರಬೇಕಿತ್ತು.

ದಾರಿಯಲ್ಲಿ ಕ್ಲಚ್ ಕೇಬಲ್ ಕಟ್ಟಾಯಿತು. ಸುತ್ತ ಅಡಿಕೆ ತೋಟ, ಫೋನಿಗೆ ಸಿಗ್ನಲ್ ಇಲ್ಲ. ನಮ್ಮ ಮಂದಿ ಕಲ್ಪಿಸಿಕೊಂಡು ಹೆದರುವ ದೃಶ್ಯ ಇದೇ ತಾನೇ? ಅಲ್ಲಿ ಆದದ್ದು ಇಷ್ಟು. ಗಾಡಿ ತಳ್ಳಿಕೊಂಡು ಹೊರಟೆ. ಒಂದು ತಿರುವು ದಾಟುವಷ್ಟರಲ್ಲಿ ಹೊಗೆ ಕಂಡಿತು, ಅಡಿಕೆ ಬೇಯಿಸುವ ವಾಸನೆ ಬಂತು. ಕೊಯ್ಲಿನ ಸಮಯ ಅದು. ಅಂಗಳದಲ್ಲಿ ಹೆಂಗಸರು ಮೆಟ್ಟುಕತ್ತಿ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು, ಮಾತು ಒಂದು ಕಡೆ, ಕೈ ಒಂದು ಕಡೆ, ಕತ್ತಿಯ ಕಡೆ ಕಣ್ಣೇ ಇಲ್ಲ. ಪಕ್ಕದ ದೊಡ್ಡ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೆಂದ ನೀರು, ಕೆಂಪಗೆ ಕುದಿಯುತ್ತಿತ್ತು.

"ಎಂತ ಆಯ್ತು ಮಾರಾಯ್ರೆ, ಕೇಬಲ್ ಹೋಯ್ತಾ?" ಅಂತ ಮನೆಯ ಯಜಮಾನರು ದೂರದಿಂದಲೇ ಕೇಳಿದರು.

ನನ್ನ ಬ್ಯಾಗಿನಲ್ಲಿ ಹೊಸ ಕೇಬಲ್ ಯಾವಾಗಲೂ ಇರುತ್ತದೆ. ಆದರೆ ಇಂಜಿನ್ ಕಡೆಯ ಅಡ್ಜಸ್ಟರ್ ನಟ್ಟು ತುಕ್ಕು ಹಿಡಿದು ಕೂತಿತ್ತು, ನನ್ನ ಚಿಕ್ಕ ಸ್ಪ್ಯಾನರಿಗೆ ಜಗ್ಗಲಿಲ್ಲ. ಅವರು ಒಳಗಿಂದ ಕೊಬ್ಬರಿ ಎಣ್ಣೆ ತಂದು ನಾಲ್ಕು ಹನಿ ಬಿಟ್ಟರು. "ಈಗ ಮುಟ್ಟಬೇಡಿ, ಕಾಫಿ ಕುಡೀರಿ, ಆಮೇಲೆ ನೋಡುವ" ಅಂದರು. ಕಾಫಿ ಮುಗಿಯಿತು, ಆಮೇಲೆ ಅವರ ಪಂಪ್‌ಸೆಟ್ಟಿನ ದೊಡ್ಡ ಸ್ಪ್ಯಾನರ್ ಬಂತು, ನಟ್ಟು ಸಡಿಲವಾಯಿತು. ದುಡ್ಡಿನ ಮಾತೆತ್ತುವ ಹಾಗೇ ಇರಲಿಲ್ಲ. ಎಲ್ಲಿಗೆ ಅಂತ ಕೇಳಿದರು, ಕವಲೇದುರ್ಗ ಅಂದೆ. ಅವರ ಮುಖದಲ್ಲಿ ಕಾಳಜಿ ಕಂಡಿದ್ದು ಆಗಲೇ. ಗಾಡಿ ಕೆಟ್ಟಿದ್ದನ್ನು ಅವರು ಒಂದು ವಿಷಯ ಅಂತಲೇ ತಗೊಂಡಿರಲಿಲ್ಲ, ಕಲ್ಲಿನ ದಾರಿಯಲ್ಲಿ ಪಾಚಿ ಇದೆ, ನೋಡಿಕೊಂಡು ಹೆಜ್ಜೆ ಇಡಿ ಅಂತ ಎರಡೆರಡು ಸಲ ಹೇಳಿದರು.

ಕವಲೇದುರ್ಗಕ್ಕೆ ಮಾರನೇ ದಿನ ಬೆಳಿಗ್ಗೆ ಬೇಗ ಹೋದೆ. ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಆಸುಪಾಸು. ಗದ್ದೆ ಅಂಚಿನಲ್ಲಿ ನಡೆದು ಕಾಡಿನೊಳಗೆ ಹೊಕ್ಕರೆ ಚಪ್ಪಡಿ ಹಾಸಿದ ಹಳೆಯ ದಾರಿ ಸಿಗುತ್ತದೆ. ಒಂದರ ಮೇಲೊಂದು ಮೂರು ಸುತ್ತಿನ ಕೋಟೆ. ಬಾಗಿಲು ದಾಟಿದ ಮೇಲೆ ದಾರಿ ನೇರ ಹೋಗುವುದಿಲ್ಲ, ತಿರುಗುತ್ತದೆ, ನುಗ್ಗಿ ಬಂದವರ ಮೇಲೆ ಗೋಡೆಯಿಂದ ಹೊಡೆಯಲು ಅನುಕೂಲ ಆಗಲಿ ಅಂತ. ಒಬ್ಬನೇ ಇದ್ದಿದ್ದರಿಂದ ಅಲ್ಲಿ ಸುಮ್ನೆ ನಿಂತು, ಮೇಲಿನ ಗೋಡೆಯಲ್ಲಿ ಕಾವಲಿನವನು ಎಲ್ಲಿ ನಿಂತಿರಬಹುದು ಅಂತ ಹುಡುಕುತ್ತಾ ಹೊತ್ತು ಕಳೆದೆ. ಗುಂಪಿನಲ್ಲಿ ಹೋದರೆ "ಬಾರೋ, ಮೇಲೆ ಹೋಗೋಣ" ಅಂತ ಯಾರಾದರೂ ಕರೆದೇ ಕರೆಯುತ್ತಾರೆ.

ಮೇಲೆ ಅರಮನೆಯ ಗೋಡೆಗಳಿಲ್ಲ, ತಳಪಾಯ ಮಾತ್ರ. ಆದರೂ ಆ ತಳಪಾಯದಲ್ಲೇ ಇಡೀ ಮನೆಯನ್ನು ಓದಬಹುದು. ಇಲ್ಲಿ ಕಂಬ ನಿಂತಿತ್ತು, ಇಲ್ಲಿ ಜಗಲಿ, ಇದು ಬಚ್ಚಲು, ಇದು ನೀರು ಹೊರಗೆ ಹೋಗುವ ಕಾಲುವೆ. ಅಡುಗೆ ಮನೆಯಲ್ಲಿ ಐದು ಉರಿಯ ಕಲ್ಲಿನ ಒಲೆ ಇದೆ. ಅದರ ಎದುರು ಕುಕ್ಕರುಗಾಲಲ್ಲಿ ಕೂತು ನೋಡಿ. ಒಲೆಯ ಎತ್ತರ, ಕೈ ಚಾಚಿದರೆ ನೀರಿನ ತೊಟ್ಟಿ ಇರುವ ಜಾಗ, ಅಡುಗೆ ಮಾಡಿದ ಯಾರೋ ಒಬ್ಬರು ಹೇಳಿ ಮಾಡಿಸಿದ್ದು ಅಂತ ಗೊತ್ತಾಗುತ್ತದೆ. ಯುದ್ಧದ ಕಥೆಗಳಿಗಿಂತ ನನಗೆ ಆ ಒಲೆ ಜಾಸ್ತಿ ಹತ್ತಿರ. ಇಂಥ ಜಾಗಗಳಲ್ಲಿ ನಿಧಿ ಆಸೆಗೆ ಅಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ರಾಜ್ಯದ ಎಷ್ಟೋ ಹಾಳು ಗುಡಿಗಳಲ್ಲಿ ನಂದಿಯನ್ನು ಕಿತ್ತು ಪಕ್ಕಕ್ಕೆ ಎಸೆದಿರುವುದನ್ನು ನೀವೂ ನೋಡಿರುತ್ತೀರಿ. ಚಿನ್ನ ಸಿಗುವುದು ಹಾಗಿರಲಿ, ಒಮ್ಮೆ ಕದಲಿದ ಕಲ್ಲು ಎಲ್ಲಿತ್ತು ಅನ್ನುವುದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಬಲ್ಲಾಳರಾಯನ ದುರ್ಗ ಮೂಡಿಗೆರೆ ತಾಲೂಕಿನಲ್ಲಿದೆ. ಕೊಟ್ಟಿಗೆಹಾರ ಕಳಸ ರಸ್ತೆಯಿಂದ ಸುಂಕಸಾಲೆ ಕಡೆ ತಿರುಗಬೇಕು. ನಗರದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ, ಅದೂ ಬರೀ ತಿರುವು ಮತ್ತು ಘಟ್ಟ. ಡಾಂಬರು ಇರುವ ಈ ದಾರಿಯಲ್ಲೇ ನನಗೆ ಸೊಂಟ ಹಿಡಿದುಕೊಂಡಿತು. ಸೋತು ಓಡಿಹೋಗುವ ಪರಿವಾರ, ಹಿಂದೆ ಶತ್ರುವಿನ ಕುದುರೆಗಳು, ಎದುರಿಗೆ ಈ ಕಾಡು. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಓಟ ಅದು.

ಕೊನೆಯ ಕಲ್ಲು ದಾರಿ ಜೀಪಿನದು. ಗಾಡಿಯನ್ನು ಹಳ್ಳಿಯ ಒಂದು ಮನೆಯ ಮುಂದೆ ನಿಲ್ಲಿಸಿದೆ. ಅನುಮತಿ ಮೊದಲೇ ತೆಗೆದುಕೊಂಡಿದ್ದೆ, ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎಷ್ಟು ಹೊತ್ತಿಗೆ ವಾಪಸ್ ಬರ್ತೀನಿ ಅಂತ ಆ ಮನೆಯ ಅಮ್ಮನಿಗೆ ಹೇಳಿದೆ. ಇದು ನಾನು ಎಲ್ಲಿ ಹೋದರೂ ಬಿಡದೆ ಮಾಡುವ ಕೆಲಸ. ಅವರು ಹೇಳಿದ್ದು ಇಷ್ಟೇ: "ಮಂಜು ಬಂದ್ರೆ ಇದ್ದಲ್ಲೇ ಕೂತ್ಕೊಳ್ಳಿ, ನಡೀಬೇಡಿ. ತಡ ಆದ್ರೆ ನಮ್ಮ ಹುಡುಗನ್ನ ಕಳಿಸ್ತೇನೆ."

ಮಂಜು ಬಂತು. ಬೋಳು ಹುಲ್ಲಿನ ಬೆನ್ನಿನ ಮೇಲೆ ನಡೆಯುತ್ತಿದ್ದೆ, ಎಡಕ್ಕೆ ಕಣಿವೆ ಕಾಣುತ್ತಿತ್ತು, ನೋಡುತ್ತಿದ್ದ ಹಾಗೇ ಅದು ಬೆಳ್ಳಗಾಯಿತು, ಆಮೇಲೆ ಹತ್ತು ಹೆಜ್ಜೆ ಮುಂದಿನ ಕಲ್ಲೂ ಕಾಣಲಿಲ್ಲ. ಆ ಬೆಟ್ಟ ಒಂದು ಕಡೆ ಏಕ್‌ದಂ ಕಡಿದ ಹಾಗೆ ದಕ್ಷಿಣ ಕನ್ನಡದ ಕಡೆಗೆ ಬೀಳುತ್ತದೆ. ಹುಲ್ಲಿನಲ್ಲಿ ದನದ ದಾರಿಗಳು ನಾಲ್ಕು ಕಡೆಗೂ ಹೋಗುತ್ತವೆ, ಮನುಷ್ಯರ ದಾರಿ ಯಾವುದು ಅಂತ ಹೇಳುವಂತಿಲ್ಲ. ಕೋಟೆಯ ಬಿದ್ದ ಗೋಡೆಯೊಂದು ಕೈಗೆ ಸಿಕ್ಕಿತು, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟೆ. ಗಾಳಿ, ಹುಲ್ಲಿನ ಮೇಲಿಂದ ಪ್ಯಾಂಟಿಗೆ ಇಳಿಯುವ ತೇವ, ಒಂದು ಬಾಳೆಹಣ್ಣು. ಎದ್ದು ಹೋಗಿಬಿಡೋಣ ಅಂತ ಮನಸ್ಸು ಹೇಳುತ್ತಲೇ ಇತ್ತು. ನನಗೆ ನಿಜವಾಗಿ ಭಯ ಆದದ್ದು ಅಲ್ಲಿ. ಮಂಜು ಸರಿದ ಮೇಲೆ ನೋಡಿದರೆ, ನಾನು ಹೋಗಬೇಕು ಅಂದುಕೊಂಡಿದ್ದ ದಿಕ್ಕಿನಲ್ಲಿ ಹುಲ್ಲು ಸ್ವಲ್ಪ ದೂರಕ್ಕೇ ಮುಗಿದಿತ್ತು. ಆಚೆಗೆ ಬರೀ ಗಾಳಿ. ಆ ಅಮ್ಮನ ಮಾತನ್ನು ನಾನು ಈಗ ಬೆಟ್ಟಕ್ಕೆ ಹೊರಟ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಅಲ್ಲಿಂದ ಮೂಡಿಗೆರೆ, ಚಿಕ್ಕಮಗಳೂರು, ಕಡೂರು, ಅರಸೀಕೆರೆ, ತುಮಕೂರು. ರಸ್ತೆ ಚೆನ್ನಾಗಿದೆ, ಹೇಳುವಂಥದ್ದು ಏನೂ ಆಗಲಿಲ್ಲ.

ಕೊರಟಗೆರೆ ದಾಟಿದ ಮೇಲೆ ಹುರುಳಿ ಸಿಕ್ಕಿತು. ಆ ತಿಂಗಳುಗಳಲ್ಲಿ ಬಯಲುಸೀಮೆಯಲ್ಲಿ ಗಾಡಿ ಓಡಿಸಿದವರಿಗೆ ಇದು ಗೊತ್ತು. ಕಿತ್ತ ಹುರುಳಿ ಗಿಡವನ್ನು ರಸ್ತೆ ಮೇಲೆ ಹರವುತ್ತಾರೆ, ಬಸ್ಸು ಲಾರಿಗಳ ಚಕ್ರದಲ್ಲಿ ಒಕ್ಕಣೆ ಆಗುತ್ತದೆ. ನಾಲ್ಕು ಚಕ್ರದವರಿಗೆ ಪರವಾಗಿಲ್ಲ. ಬೈಕಿನ ಟೈರಿನ ಕೆಳಗೆ ಆ ಒಣ ಬಳ್ಳಿಯೂ ಉದುರಿದ ಕಾಳೂ ಗೋಲಿ ಹರಡಿದ ಹಾಗೆ ಜಾರುತ್ತವೆ. ಎದುರಿಂದ ಬಸ್ಸು ಬಂತು, ಎಡಕ್ಕೆ ಸರಿಯಲೇಬೇಕಿತ್ತು, ಮುಂದಿನ ಚಕ್ರ ಹೋಯಿತು. ವೇಗ ಇರಲಿಲ್ಲ. ಆದರೂ ಗಾಡಿ ಬಲ ಮೊಣಕಾಲಿನ ಮೇಲೆ ಬಿತ್ತು.

ಏಳುವಷ್ಟರಲ್ಲೇ ಮೂರು ಜನ ಸುತ್ತ ಇದ್ದರು. "ಏನಪ್ಪಾ, ಏಟಾಯ್ತಾ? ನೀರು ಕುಡಿ ಮೊದ್ಲು" ಅಂತ ಒಬ್ಬ ಅಜ್ಜ ಚೊಂಬು ಹಿಡಿದರು. ಹಿಂದಿನ ಚಕ್ರದ ಅಚ್ಚಿಗೂ ಚೈನಿಗೂ ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು, ಗಾಡಿ ತಳ್ಳಿದರೂ ಅಲ್ಲಾಡಲಿಲ್ಲ. ಅಜ್ಜ ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಕೊಯ್ದು ಬಿಡಿಸಿದರು, ಚೈನಿನ ಒಂದು ಕೊಂಡಿಗೂ ಗೀರು ಬೀಳದ ಹಾಗೆ. ನಾನು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಕಣ ಮಾಡುವ ಜಾಗವೂ ಕೆಲಸದ ಆಳುಗಳೂ ಇಲ್ಲದ ಊರಲ್ಲಿ ಅವರು ಇನ್ನೇನು ಮಾಡಬೇಕು? ಆದರೂ ಇದು ಬೈಕಿನವರ ಜೀವ ತೆಗೆಯುವ ಸಂಗತಿ, ಹಳ್ಳಿಗೊಂದು ಕಾಂಕ್ರೀಟ್ ಕಣ ಕಟ್ಟಿಸಿಕೊಡುವುದು ಸರ್ಕಾರಕ್ಕೆ ಅಷ್ಟು ದೊಡ್ಡ ಖರ್ಚೇನೂ ಅಲ್ಲ.

ಮಧುಗಿರಿ ತಲುಪಿದಾಗ ಮೊಣಕಾಲು ಊದಿತ್ತು. ಊರಿನ ಬೆನ್ನಿಗೇ ನಿಂತ ಒಂದೇ ಬಂಡೆ ಅದು, ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್. ಇಲ್ಲಿನ ಪಾಳೆಯಗಾರರ ಕೈಯಿಂದ 1678ರಲ್ಲಿ ಮೈಸೂರಿನವರು ಗೆದ್ದರು, ಆಮೇಲೆ ಹೈದರ್ ಅಲಿ ಭದ್ರಪಡಿಸಿದ. ಕೆಳಗಿನ ಬಾಗಿಲುಗಳವರೆಗೆ ಮೆಟ್ಟಿಲಿದೆ, ಯಾರು ಬೇಕಾದರೂ ಹತ್ತಬಹುದು. ಅದಾದ ಮೇಲೆ ಬಂಡೆಯ ಮೈಯಲ್ಲೇ ಕೊರೆದ ಚಿಕ್ಕ ಚಿಕ್ಕ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಸರಳು, ಆಚೆ ಏನೂ ಇಲ್ಲ. ಹತ್ತುವಾಗ ಎದೆ ಬಂಡೆಯ ಕಡೆ ಇರುತ್ತದೆ, ಹೆದರಿಕೆ ಕಾಣುವುದಿಲ್ಲ. ಇಳಿಯುವಾಗ ಇಡೀ ಮೈಭಾರ ಮೊಣಕಾಲಿಗೆ ಬರುತ್ತದೆ, ಎದುರಿಗೆ ಇಡೀ ಊರು ಕೆಳಗೆ ಕಾಣುತ್ತಿರುತ್ತದೆ.

ಆ ಸರಳು ಶುರುವಾಗುವಲ್ಲಿ ಕೂತು, ಕಾಲನ್ನು ಮಡಚಿ ಬಿಡಿಸಿ ನೋಡಿದೆ. ನಗರದಿಂದ ಅಷ್ಟು ದೂರ ಬಂದಿದ್ದೇ ಈ ಬೆಟ್ಟದ ತುದಿಗೋಸ್ಕರ. ಜೊತೆಗೆ ಯಾರಾದರೂ ಇದ್ದಿದ್ದರೆ ಹತ್ತುತ್ತಿದ್ದೆನೇನೋ, ಇಳಿಯುವಾಗ ಹೆಗಲು ಕೊಡುತ್ತಾರೆ ಅಂತ. ಒಬ್ಬನೇ ಇದ್ದೆ, ಇಳಿದು ಬಂದೆ. ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದೆ.

ಫೆಬ್ರವರಿಯಲ್ಲಿ ಮತ್ತೆ ಹೋಗಿ ತುದಿಯವರೆಗೂ ಹತ್ತಿದೆ, ಬಿಸಿಲೇರುವ ಮೊದಲೇ. ಮೇಲೆ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಕಣಜಗಳು, ಮಳೆ ನೀರು ನಿಲ್ಲುವ ದೊಣೆಗಳು. ಸುತ್ತ ಎತ್ತ ನೋಡಿದರೂ ಕುರುಚಲು ಕಾಡು, ಬಂಡೆ ಗುಡ್ಡ, ಅಲ್ಲೊಂದು ಇಲ್ಲೊಂದು ಕೆರೆ. ಜಡಿಮಳೆಯ ಊರಿನಲ್ಲಿ ಆಳಿದ ಹೆಂಗಸನ್ನು ತಂದು ಈ ಒಣ ಕಲ್ಲಿನ ಕೋಟೆಯಲ್ಲಿ ಇಟ್ಟಿದ್ದರು. ನಗರದಿಂದ ಬಂದ ರಸ್ತೆಯೆಲ್ಲ ಮೈಯಲ್ಲಿ ಇದ್ದಿದ್ದರಿಂದ ಅದು ಎಂಥ ಶಿಕ್ಷೆ ಅಂತ ನನಗೆ ಅಲ್ಲಿ ಅರ್ಥವಾಯಿತು, ಗಂಟಲು ಕಟ್ಟಿತು.

ಹೀಗೆ ಹೋಗಬೇಕು ಅನ್ನಿಸುವವರಿಗೆ ಎರಡು ಮಾತು. ಕ್ಲಚ್ ಕೇಬಲ್, ಟ್ಯೂಬು, ಚೈನ್ ಲಿಂಕು ಜೊತೆಗಿರಲಿ, ಉಳಿದದ್ದನ್ನು ರಸ್ತೆ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಬೆಟ್ಟಕ್ಕೆ ಮಾತ್ರ ಬೇರೆ ಲೆಕ್ಕ. ಎರಡು ಲೀಟರ್ ನೀರು, ಗಟ್ಟಿ ಅಟ್ಟೆಯ ಒಣ ಶೂ, ವಾಪಸ್ ಬರುವ ಹೊತ್ತು ಗೊತ್ತಿರುವ ಒಬ್ಬ ಮನುಷ್ಯ ಕೆಳಗೆ, ಮತ್ತು ಎಷ್ಟು ಗಂಟೆಗೆ ತಿರುಗಬೇಕು ಅಂತ ಹತ್ತುವ ಮೊದಲೇ ಮಾಡಿದ ತೀರ್ಮಾನ. ಮಧುಗಿರಿಯಂಥ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತವೆ, ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಈ ಬಂಡೆಗಳ ಹತ್ತಿರ ಸುಳಿಯಬೇಡಿ. ಮೊದಲ ಸಲ ಒಬ್ಬರೇ ಹೋಗುವುದಾದರೆ ಕವಲೇದುರ್ಗದಿಂದ ಶುರು ಮಾಡಿ. ದಾರಿ ಸ್ಪಷ್ಟವಾಗಿದೆ, ಹತ್ತುವುದೂ ಅಷ್ಟು ಕಷ್ಟವಿಲ್ಲ, ಆ ಐದು ಉರಿಯ ಒಲೆಯನ್ನೂ ನೋಡಿದ ಹಾಗಾಗುತ್ತದೆ. ಮಧುಗಿರಿಯ ಮೇಲಿನ ಭಾಗಕ್ಕೆ ಮಾತ್ರ ಮೊದಲ ಸಲ ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹೋಗಿ.