‘ಸ್ಕ್ಯಾನಿಂಗಲ್ಲಿ ರಿಸರ್ಚ್ ಅಂದ್ರೆ ಎಂತ?’

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮೊನ್ನೆ ಪೆರ್ಲದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಸಾರು ಬರುವ ಮೊದಲೇ ಪಕ್ಕದ ಎಲೆಯ ಮಾವ ಶುರು ಮಾಡಿದರು: “ನೀನು ಸ್ಕ್ಯಾನಿಂಗಲ್ಲಿ ರಿಸರ್ಚ್ ಮಾಡುವುದಲ್ವಾ? ನನ್ನ ಮಗಳು ಬಿಎಸ್ಸಿ ಫಿಸಿಕ್ಸ್. ಡಾಕ್ಟರ್ ಆಗದೆ ಅವಳಿಗೆ ಅದರಲ್ಲಿ ಎಂತಾದರೂ ಉಂಟಾ?”

ಉಂಟು ಮಾವ, ಬೇಕಾದಷ್ಟು. ಸಿಟಿ ಸ್ಕ್ಯಾನ್‌ಗೆಂದು 1979ರಲ್ಲಿ ಕೊಟ್ಟ ವೈದ್ಯಕೀಯ ನೊಬೆಲ್ ಪಡೆದ ಇಬ್ಬರೂ ಡಾಕ್ಟರಲ್ಲ. ಹೌನ್ಸ್‌ಫೀಲ್ಡ್ ಎಂಜಿನಿಯರ್, ಕಾರ್ಮಾಕ್ ಫಿಸಿಕ್ಸಿನವರು.

ಸಿಟಿ ಸ್ಕ್ಯಾನರ್ ಫೋಟೋ ತೆಗೆಯುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಹಲಸಿನ ಹಣ್ಣನ್ನು ಕೊಯ್ಯದೆ ಒಳಗೆ ಬೀಜ ಎಲ್ಲೆಲ್ಲಿದೆ ಅಂತ ಹೇಳಬೇಕು ಅಂದುಕೊಳ್ಳಿ. ಸುತ್ತಲೂ ನೂರಾರು ಕಡೆಯಿಂದ ಎಕ್ಸ್‌ರೇ ನೆರಳು ಹಿಡಿಯಬೇಕು. ಆ ನೆರಳುಗಳನ್ನು ಸುಮ್ನೆ ಒಟ್ಟು ಸೇರಿಸಿದರೆ ಸಿಗುವುದು ಮಸುಕು ಮುದ್ದೆ. ಆ ಮಸುಕು ತೆಗೆಯಲು ನಮ್ಮ ದೇಶದ ವಿಜ್ಞಾನಿಗಳಾದ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಒಂದು ಸುಲಭದ ಲೆಕ್ಕ ಕೊಟ್ಟರು. ಇವತ್ತಿಗೂ ಅದನ್ನು ‘ರಾಮ್-ಲ್ಯಾಕ್ ಫಿಲ್ಟರ್’ ಅಂತಲೇ ಕಲಿಸುತ್ತಾರೆ.

ನನ್ನದು ಎಂಆರ್‌ಐ, ಅಂದರೆ ಎಕ್ಸ್‌ರೇ ಬದಲು ಅಯಸ್ಕಾಂತ, ರೇಡಿಯೋ ತರಂಗ ಬಳಸುವ ಸ್ಕ್ಯಾನ್. ಅದರ ಡೇಟಾ ಬರುವುದು ಸಾಲು ಸಾಲಾಗಿ, ನಿಧಾನಕ್ಕೆ. ಅದಕ್ಕೇ ಅಲ್ಲಾಡದೆ ಅಷ್ಟು ಹೊತ್ತು ಮಲಗಿಸುವುದು. ನಡುವೆ ಅಲ್ಲಾಡಿದರೆ ಚಿತ್ರದಲ್ಲಿ ಅದೇ ಅಂಗದ ಮಂಕು ನಕಲು ಪಕ್ಕದಲ್ಲಿ ಬಂದು ಕೂರುತ್ತದೆ. ಅದಕ್ಕೆ ‘ಗೋಸ್ಟ್’ ಅಂತಲೇ ಹೆಸರು. ಕೋಲ ಕೊಟ್ಟರೆ ಸುಮ್ಮನಾಗುವ ಭೂತ ಅಲ್ಲ ಇದು. ಹಾಗಾದರೆ ಕೆಲವೇ ಸಾಲು ಹಿಡಿದು, ಉಳಿದದ್ದನ್ನು ಲೆಕ್ಕದಿಂದ ತುಂಬಿಸಬಹುದಾ? ತುಂಬಿಸಬಹುದು. ಈಗ ಆ ಕೆಲಸ ಎಐ ಕೈಗೆ ಹೋಗುತ್ತಿದೆ. ಆದರೆ ಇಲ್ಲದ ಗಡ್ಡೆಯನ್ನು ಅದು ಬರೆದುಬಿಟ್ಟರೆ? ಇದ್ದದ್ದನ್ನು ಒರೆಸಿಬಿಟ್ಟರೆ? ನನ್ನಂಥವರಿಗೆ ಸಂಬಳ ಕೊಡುವುದು ಈ ತಲೆಬಿಸಿಗೆ.

ದಾರಿ ಹೇಗೆ ಅಂದರೆ, ಫಿಸಿಕ್ಸ್, ಮ್ಯಾಥ್ಸ್, ಎಲೆಕ್ಟ್ರಾನಿಕ್ಸ್ ಯಾವುದಾದರೂ ಆಗುತ್ತದೆ. ನೆಟ್ ಅಥವಾ ಗೇಟ್ ಬರೆದು ಪಿಎಚ್‌ಡಿ. ಬೆಂಗಳೂರಿನಲ್ಲಿ ಐಐಎಸ್ಸಿ, ನಿಮ್ಹಾನ್ಸ್ ಇವೆ, ತಿರುವನಂತಪುರದಲ್ಲಿ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆ. ಜೆಆರ್‌ಎಫ್ ಎನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ತಿಂಗಳಿಗೆ 37,000, ಮನೆ ಬಾಡಿಗೆ ಭತ್ಯೆ ಬೇರೆ. ಆಮೇಲೆ ಜಿಇ, ಸೀಮೆನ್ಸ್, ಫಿಲಿಪ್ಸ್‌ನಂಥ ಕಂಪೆನಿಗಳೂ ಬೆಂಗಳೂರಿನಲ್ಲೇ ಇವೆ. ಆದರೆ ಪಿಎಚ್‌ಡಿ ಅಂದರೆ ಐದಾರು ವರ್ಷ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಗ ಕೆಲಸ ಬೇಕಿದ್ದವರು ಎಂಎಸ್ಸಿ ಮುಗಿಸಿ ಬಿಎಆರ್‌ಸಿಯ (ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ) ರೇಡಿಯಾಲಾಜಿಕಲ್ ಫಿಸಿಕ್ಸ್, ಅಂದರೆ ವಿಕಿರಣದ ಅಳತೆ-ಸುರಕ್ಷತೆ ಕಲಿಸುವ ಡಿಪ್ಲೊಮಾ ನೋಡುವುದು ಒಳ್ಳೆಯದು. ಯಂತ್ರ ನಡೆಸುವ ಟೆಕ್ನೀಷಿಯನ್ ಕೋರ್ಸ್ ಬೇರೆಯೇ. ಊರಿನಲ್ಲಿ ಜಾಸ್ತಿ ಜನ ಎರಡನ್ನೂ ಒಂದೇ ಮಾಡುತ್ತಾರೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ಇಮೇಜ್‌ಜೆ ಅಂತ ಚಿತ್ರದಲ್ಲಿ ಅಳೆಯುವ, ಎಣಿಸುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಉಂಟು, ಹಾಕಿಕೊಂಡು ಆಟ ಆಡು. ನಿನ್ನೆ ಫೋನ್ ಮಾಡಿದ್ದಳು. ಅಡಿಕೆ ಸೋಗೆಯ ಫೋಟೋ ತೆಗೆದು ಎಲೆಚುಕ್ಕಿ ರೋಗದ ಚುಕ್ಕಿ ಎಣಿಸಲು ಹೊರಟಿದ್ದಾಳೆ.

“ಅಣ್ಣಾ, ಮಳೆಹನಿಯನ್ನೂ ಅದು ಚುಕ್ಕಿ ಅಂತ ಎಣಿಸ್ತದೆ. ಎಂತ ಮಾಡುವುದು?”